ನಡುಕಟ್ಟಿನ ತುದಿ

ಆಲಿವ್ ಬೀಜ, ಆಲಿವ್ ಬೀಜವೇ, ನನ್ನ ಮೂಗಿನ ನೇರಕ್ಕೆ, ಚಾಪೆಯ ಅಂಚಿನಲ್ಲಿ, ಯಾರೋ ಒಂಚೂರೂ ತಿರುಳು ಬಿಡದಂತೆ ಚೀಪಿ ಉಗಿದದ್ದು, ನಾವು ಅಭ್ಯಾಸ ಮಾಡುವ ಈ ಗೋದಾಮಿನಲ್ಲಿ ಅಷ್ಟು ಶ್ರದ್ಧೆಯಿಂದ ಚೀಪುವವರು ಇಬ್ಬರೇ, ಒಬ್ಬಳು ತೆಕ್ಲಜ್ಜಿ, ಅವಳಿಗೆ ಹಲ್ಲಿಲ್ಲ, ಇನ್ನೊಬ್ಬ ನಾನು, ನನಗೆ ನಾಚಿಕೆಯಿಲ್ಲ, ಹಾಗೆಂದು ರೆಮೇಯ್ ಹೇಳುತ್ತಾಳೆ, ಇಷ್ಟು ವರ್ಷ ಹೆಂಡತಿಯಾಗಿದ್ದವಳು ಏನು ಬೇಕಾದರೂ ಹೇಳಬಹುದು — ಮೊಣಕೈ, ಮೊಣಕೈ ಭುಜದ ಕೆಳಗೇ ಇದೆಯೇ, ಇದೆ, ಕಾಲ್ಬೆರಳು ನೆಲಕ್ಕೆ ಊರಿದೆ, ನಡುವೆ ನಾನು, ಉಪ್ಪುಮೀನಿನ ಅಂಗಡಿಯ ಫೆರ್ಮಿ, ಹಲಗೆಯ ಹಾಗೆ ನೆಟ್ಟಗೆ ಇರಬೇಕಾದವನು, ಹಲಗೆ ನಡುಗುತ್ತದೆಯೇ, ಈ ಹಲಗೆ ನಡುಗುತ್ತಿದೆ, ಈಗಷ್ಟೇ ಶುರುವಾಗಿದೆ, ಗೋಡೆಯ ಸ್ಪೀಕರಿನಲ್ಲಿ ಗ್ರಾಲ್ಯ ಕೂಗುತ್ತಿದೆ, ಕಿವಿತಮಟೆ ಹರಿಯುವಂಥ ನಮ್ಮ ಊದುಗೊಳವೆ, ಚೌಕದಲ್ಲಿ ನಾವು ಒಬ್ಬರ ಹೆಗಲ ಮೇಲೊಬ್ಬರು ನಿಂತು ಮನುಷ್ಯರ ಗೋಪುರ ಕಟ್ಟುವಾಗ ಊದುವ ಅದೇ ರಾಗ, ಗೋಪುರ ಏಳುವಾಗ ಶುರು, ಕೊನೆಯವರು ನೆಲ ಮುಟ್ಟಿದಾಗ ಮುಕ್ತಾಯ, ಅಲ್ಲಿಯವರೆಗೆ ಹೀಗೇ ಇರಬೇಕು, ನಾನು ಈ ಚಾಪೆಯ ಮೇಲೆ, ಅಳಿಯ ಅಲೆಷ್ ಪಕ್ಕದ ಚಾಪೆಯ ಮೇಲೆ, ಯಾರು ಕೊನೆಯವರೆಗೆ ನಿಂತರೋ ಅವರೇ ಭಾನುವಾರದ ಗೋಪುರದ ಬುಡದಲ್ಲಿ, ನಮ್ಮ ತಂಡದ ನಾಯಕಿ ಎಲ್ಲರೆದುರು ಹೇಳಿದ ಮಾತು, ಮಾತು ಮುಗಿಯಿತು. ಬುಡ ಎಂದರೆ ಬುಡ, ಇಡೀ ಗೋಪುರ ಯಾರ ಹೆಗಲ ಮೇಲೆ ಕೂರುತ್ತದೋ ಅವನು, ಕಣ್ಣಿಗೆ ಕಾಣುವುದು ಮುಂದಿನವನ ಕತ್ತಿನ ಬೆವರು, ಮೂಗಿಗೆ ಬರುವುದು ಅಕ್ಕಪಕ್ಕದವರ ಬೆಳ್ಳುಳ್ಳಿ, ಮೇಲೆ ಏನಾಗುತ್ತಿದೆ ಎಂದು ತಲೆಯೆತ್ತಿ ನೋಡುವಂತಿಲ್ಲ, ರಾಗ ಕೇಳಿಯೇ ತಿಳಿಯಬೇಕು, ಈಗ ಮೂರನೆಯವರು ಹತ್ತಿದರು, ಈಗ ತುದಿಯ ಮಗು ಕೈಯೆತ್ತಿತು, ಈಗ ಇಳಿಯುತ್ತಿದ್ದಾರೆ — ನನ್ನ ಅಪ್ಪ ನಿಂತ ಜಾಗ, ನಾನು ನಿಂತ ಜಾಗ, ಅದನ್ನು ಈ ಅಲೆಷ್‌ಗೆ, ಹಲ್ಲು ಕಟ್ಟುವವನೊಬ್ಬನಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ, ಖಂಡಿತ ಇಲ್ಲ.

ಹಲ್ಲು ಕಟ್ಟುವವನು ಉಸಿರಾಡುತ್ತಿದ್ದಾನೆ, ಕೇಳಿಸುತ್ತಿದೆ, ಮೂಗಿನಿಂದ ಒಳಗೆ, ಬಾಯಿಂದ ಹೊರಗೆ, ಪಾಠ ಒಪ್ಪಿಸುವ ಹಾಗೆ, ಉಸಿರು ಕಟ್ಟಬೇಡಿ ಫೆರ್ಮಿ ಅವರೇ, ಎನ್ನುತ್ತಾಳೆ ಗ್ರಿಸೆಲ್ದಾ, ಅವಳ ಬಿಳಿ ಶೂ ನನ್ನ ಎಡಗಣ್ಣಿನ ಮೂಲೆಯಲ್ಲಿ ಹಾದುಹೋಗುತ್ತಿದೆ, ಉಸಿರು ಕಟ್ಟದೆ ಇನ್ನೇನು ಕಟ್ಟಲಿ ತಾಯಿ, ಕಟ್ಟುವುದೊಂದೇ ನನಗೆ ಗೊತ್ತಿರುವುದು, ಈ ಹುಡುಗಿ ಚಳಿಗಾಲದಲ್ಲಿ ಬಂದಳು, ಈರುಳ್ಳಿ ಸುಟ್ಟು ಗೊಜ್ಜಿಗದ್ದಿ ತಿನ್ನುವ ಕಾಲ, ಎಲ್ಲರ ಗಲ್ಲದ ಮೇಲೂ ಬಾದಾಮಿ ಗೊಜ್ಜು, ನಾನು ಫಿಸಿಯೋಥೆರಪಿಸ್ಟ್, ನಿಮ್ಮೆಲ್ಲರ ನಡು, ಅಂದ್ರೆ ಕೋರ್, ಪರೀಕ್ಷೆ ಮಾಡಬೇಕು, ಎಂದಳು, ನಾವು ನಕ್ಕೆವು, ನಮ್ಮ ನಡುವನ್ನು ಪರೀಕ್ಷಿಸುವುದು ಏನಿದೆ, ಅದರ ಮೇಲೆ ಕಾಲಿಟ್ಟು ಜನ ಹತ್ತುತ್ತಾರೆ. ಸಾಲಾಗಿ ಮಲಗಿಸಿದಳು. ನನ್ನ ಹೊಟ್ಟೆಯ ಮೇಲೆ ಒಂದು ಬೆರಳಿಟ್ಟು ಒತ್ತಿದಳು, ಬೆರಳು ಹೋಯಿತು, ಇನ್ನೂ ಹೋಯಿತು, ಎಲ್ಲಿದೆ ಅದು ಕೋರ್, ಎಂದು ನಾನೇ ಕೇಳಿದೆ, ಹುಡುಕ್ತಾ ಇದೀನಿ, ಎಂದಳು, ಮುಖ ಗಂಭೀರ. ಆಮೇಲೆ ಮೂರು ಗುಂಪು ಮಾಡಿದಳು, ಚೆಂಡಿನ ಮೇಲೆ ಮೊಣಕೈಯೂರಿ ಒಂದು ಕಾಲೆತ್ತಿ ನಗುನಗುತ್ತ ಇರಬಲ್ಲವರು ಮೂರನೇ ಹಂತ, ಅವರನ್ನು ನೋಡಿದರೇ ನನಗೆ ಸೊಂಟ ಹಿಡಿಯುತ್ತದೆ, ಹೀಗೆ ಹಲಗೆಯಾಗಿ ನಿಲ್ಲಬಲ್ಲವರು ಎರಡನೇ ಹಂತ, ಅದರಲ್ಲಿ ಅಲೆಷ್, ಮತ್ತೆ ಮೊದಲನೇ ಹಂತ, ಬಸುರಿಯರು, ಬಾಣಂತಿಯರು, ಮಂಡಿ ಕೊಯ್ಸಿಕೊಂಡವರು, ತೆಕ್ಲಜ್ಜಿ, ರೆಮೇಯ್, ಮತ್ತೆ ಫೆರ್ಮಿ. ಮತ್ತೆ ಫೆರ್ಮಿ ಎಂದು ಕೂಗಿದಾಗ ತೆಕ್ಲಜ್ಜಿ ತನ್ನ ಪಕ್ಕದ ಚಾಪೆ ತಟ್ಟಿ, ಬಾರೋ ಮಗಾ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಎಂದಳು.

ಬೆವರು, ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಬೀಜದ ಮೇಲೆ, ಟಪ್ — ಮೊದಲನೇ ಹಂತದಲ್ಲಿ ಬೆನ್ನ ಮೇಲೆ ಮಲಗಬೇಕು, ಮಂಡಿ ಮಡಚಿ ಕೈಕಾಲು ಮೇಲೆತ್ತಿ, ಸೊಂಟದ ಹಿಂಭಾಗ ನೆಲ ಬಿಡದಂತೆ, ಒಂದು ಕೈ ಅತ್ತ, ಎದುರಿನ ಕಾಲು ಇತ್ತ, ಮಗುಚಿಬಿದ್ದ ಜಿರಲೆಯ ಹಾಗೆ, ಜಿರಲೆ ಎಂದು ಗ್ರಿಸೆಲ್ದಾಳೇ ಹೆಸರಿಟ್ಟದ್ದು, ಚೆನ್ನಾಗಿ ಮಾಡಿದ ಜಿರಲೆ ಕೆಟ್ಟದಾಗಿ ಮಾಡಿದ ಹಲಗೆಗಿಂತ ಮೇಲು, ಎನ್ನುತ್ತಾಳೆ, ಹೊಕ್ಕುಳನ್ನು ಬೆನ್ನುಮೂಳೆಯ ಕಡೆಗೆ ಎಳ್ಕೊಳಿ, ಎನ್ನುತ್ತಾಳೆ, ನನ್ನ ಹೊಕ್ಕುಳಿಗೂ ಬೆನ್ನುಮೂಳೆಗೂ ಮಾತು ಬಿಟ್ಟು ಎಷ್ಟು ಕಾಲವಾಯಿತೋ, ನಡುವೆ ಅಷ್ಟು ಬೆಣ್ಣೆ ಬಂದು ಕೂತಿದೆ. ಒಂದು ಸಂಜೆ ಜಿರಲೆಯಾದೆ. ತೆಕ್ಲಜ್ಜಿಯ ಕಾಲು ಸಲೀಸಾಗಿ ಚಾಚಿ ಮಡಚಿ ಚಾಚುತ್ತಿತ್ತು, ನನ್ನ ಸೊಂಟ ನೆಲ ಬಿಟ್ಟು ಸೇತುವೆಯಾಗಿ ಅದರಡಿ ಗ್ರಿಸೆಲ್ದಾ ತನ್ನ ಕೈ ಪೂರ್ತಿ ತೂರಿಸಿ, ಇಲ್ಲಿ ಬೆಕ್ಕೊಂದು ದಾಟಬಹುದು, ಎಂದಳು, ನಾನೆದ್ದು ಅಂಗಡಿಯಲ್ಲಿ ಕೆಲಸವಿದೆ ಎಂದು ಹೊರಟುಬಿಟ್ಟೆ, ಆ ಹೊತ್ತಿಗೆ ಯಾವ ಅಂಗಡಿ ತೆರೆದಿರುತ್ತದೆ, ಮತ್ತೆ ಆ ಚಾಪೆಗೆ ಹೋಗಲಿಲ್ಲ. ರೆಮೇಯ್ ಹೋದಳು. ವಾರವಾರವೂ ಹೋದಳು, ಊಟದ ಮೇಜಿನಲ್ಲಿ ರೊಟ್ಟಿಗೆ ಟೊಮೇಟೊ ತಿಕ್ಕುತ್ತ ಹೊಕ್ಕುಳು ಒಳಗೆಳೆದು ಕೂತಳು, ಈಗ ಉಪ್ಪುಮೀನಿನ ಪೆಟ್ಟಿಗೆಯನ್ನು ಅಮ್ಮಾ ಎನ್ನದೆ ಎತ್ತುತ್ತಾಳೆ, ಅಮ್ಮಾ ಎನ್ನುವವನು ನಾನು, ಹೋದ ಶರತ್ಕಾಲದಲ್ಲಿ ಸೊಂಟ ಹಿಡಿದು ಹಾಸಿಗೆಯಿಂದ ಬಚ್ಚಲಿಗೆ ಅಂಬೆಗಾಲಿಟ್ಟುಕೊಂಡು ಹೋದವನು ನಾನು, ಬಾಗಿಲಲ್ಲಿ ಅವಳು ಟವೆಲ್ ಹಿಡಿದು ನಿಂತಿದ್ದಳು, ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಅಲ್ಲಿಂದಲೇ ಅವಳ ಹಟ, ಸಾಕು ಫೆರ್ಮಿ, ಬುಡ ಬಿಟ್ಟು ಹಿಂದೆ ನಿಲ್ಲು, ಬೆನ್ನಾಸರೆ ಕೊಡು, ಅದೂ ಕೆಲಸವೇ. ಬುಡದವನ ಬೆನ್ನಿಗೆ ಎದೆಯೊತ್ತಿ ನಿಲ್ಲುವವನು ಬೆನ್ನಾಸರೆ, ಅವನಿಲ್ಲದೆ ಬುಡ ನಿಲ್ಲದು, ನನಗೂ ಗೊತ್ತು, ಆದರೆ ಪೇಪರಿನ ಫೋಟೋದಲ್ಲಿ ಅವನ ಬೋಳುತಲೆ ಬಿಟ್ಟರೆ ಏನೂ ಕಾಣುವುದಿಲ್ಲ.

ಟೂಊಊ — ಇದೇನು, ಇಲ್ಲೊಂದು ಸ್ವರ ಬಿದ್ದುಹೋಯಿತು, ಎಲ್ಲರಿಗೂ ಕೇಳಿತೇ, ನನಗೆ ಕೇಳಿತು, ಇದು ಊದುವವನ ಬಾಯಿಗೆ ನೊಣ ಹೊಕ್ಕ ವರ್ಷದ ರೆಕಾರ್ಡಿಂಗ್, ಸ್ವರ ನುಂಗಿ ಕೆಮ್ಮಿ ಮತ್ತೆ ಹಿಡಿದ, ಆ ವರ್ಷ ನಾಲ್ಕನೇ ಅಂತಸ್ತಿನವನಿಗೆ ಕಾಲು ಸೆಳೆತ ಬಂದು ಗೋಪುರ ಅಲ್ಲೇ ನಿಂತು ನಿಂತು ಏರಿತ್ತು, ಅಷ್ಟು ನಿಧಾನದ ಗೋಪುರ ನಮ್ಮ ತಂಡ ಹಿಂದೆಂದೂ ಕಟ್ಟಿರಲಿಲ್ಲ, ಎದುರಾಳಿ ತಂಡದ ಕೆಂಪಂಗಿಯವರು ಅಷ್ಟರಲ್ಲಿ ಹೋಗಿ ವರ್ಮುತ್ ಕುಡಿದು ಬಂದಿದ್ದರು, ಇಷ್ಟೆಲ್ಲ ರಾಗಗಳಲ್ಲಿ ಹಾಕಲು ಗ್ರಿಸೆಲ್ದಾಗೆ ಇದೇ ಸಿಕ್ಕಬೇಕೇ, ಇನ್ನೂ ಎಷ್ಟೋ ಇದೆ, ಇನ್ನೂ ಮಗು ಕೈಯೆತ್ತಿಲ್ಲ, ಅಲೆಷ್‌ಗೆ ಗೊತ್ತಿಲ್ಲ, ಅವನು ಆಗ ತಂಡಕ್ಕೆ ಬಂದಿರಲಿಲ್ಲ, ನನ್ನ ಮಗಳು ಬ್ಲಾಂಕಾಳ ಹಲ್ಲು ನೋಡುತ್ತ ಕೂತಿದ್ದ. ಮಾವ, ನಾನೂ ಸೇರ್ಕೊಳ್ಲಾ, ಎಂದು ಕೇಳಿದ್ದ ಮದುವೆಯಾದ ಹೊಸದರಲ್ಲಿ, ಸೇರ್ಕೊ, ಹೊರಗಿನ ಸುತ್ತಲ್ಲಿ ನಿಂತ್ಕೊ, ಎಂದಿದ್ದೆ, ಹೊರಗಿನ ಸುತ್ತಿನಿಂದ ಒಂದೊಂದೇ ಸುತ್ತು ಒಳಗೆ ಬಂದ, ಯಾರೂ ಕರೆಯಲಿಲ್ಲ, ಯಾರೂ ತಡೆಯಲಿಲ್ಲ, ಈಗ ನೋಡಿದರೆ ಬುಡದ ಹತ್ತಿರ ಬಂದುಬಿಟ್ಟಿದ್ದಾನೆ, ಬ್ಲಾಂಕಾ ಮಾತ್ರ ಈ ಗೋಪುರಗಳ ಸುದ್ದಿಗೇ ಬರುವುದಿಲ್ಲ, ಚಿಕ್ಕಂದಿನಲ್ಲಿ ತುದಿಗೆ ಹತ್ತಿಸಿ ಹತ್ತಿಸಿ ಅವಳಿಗೆ ಸಾಕಾಗಿದೆ, ಹೀಗಾಗಿ ಅಲೆಷ್ ಸೊಂಟಕ್ಕೆ ಸುತ್ತುವ ನಡುಕಟ್ಟಿನ ತುದಿ ಹಿಡಿಯುವವರು ಯಾರೂ ಇಲ್ಲ, ಕಿಟಕಿಯ ಕೆಳಗಿನ ಹೀಟರ್ ಪೈಪಿಗೆ ಗಂಟು ಹಾಕಿ ತಾನೇ ಸುತ್ತಿಕೊಳ್ಳುತ್ತಾನೆ, ಪೈಪಿಗೆ, ನೋಡಿದರೆ ಕಟ್ಟಿಹಾಕಿದ ಕರುವಿನ ಹಾಗೆ ಕಾಣುತ್ತಾನೆ.

ನಡುಕಟ್ಟು ಒಬ್ಬರೇ ಸುತ್ತಿಕೊಳ್ಳುವಂಥದ್ದಲ್ಲ, ಆ ಉದ್ದನೆಯ ಕರಿ ಬಟ್ಟೆಯ ತುದಿಯನ್ನು ಇನ್ನೊಬ್ಬರು ದೂರದಲ್ಲಿ ಹಿಡಿದು ಎಳೆಯಬೇಕು, ನಾವು ಗಿರಗಿರ ತಿರುಗುತ್ತ ಅದರೊಳಗೆ ಹೋಗಬೇಕು, ಬಿಗಿಯಾಯ್ತಾ, ಎನ್ನಬೇಕು ಹಿಡಿದವರು, ಇನ್ನೂ ಎಳಿ, ಎನ್ನಬೇಕು ಸುತ್ತಿಕೊಂಡವರು, ಬಿಗಿಯಾಯ್ತಾ, ಇನ್ನೂ ಎಳಿ, ರೆಮೇಯ್ ನನಗೆ ಗಂಟು ಬಿದ್ದದ್ದೇ ಹಾಗೆ, ಮೊದಲ ದಿನ ನನ್ನ ತುದಿ ಹಿಡಿದು ಎಷ್ಟು ಜೋರಾಗಿ ಎಳೆದಳೆಂದರೆ ನಾನು ತಿರುಗಿ ತಿರುಗಿ ಹೋಗಿ ಅವಳ ಮೇಲೇ ಬಿದ್ದೆ, ಅಂದಿನಿಂದ ಇವತ್ತಿನವರೆಗೆ ಬೇರೆ ಯಾರ ಕೈಗೂ ಆ ತುದಿ ಹೋಗಿಲ್ಲ, ಇವತ್ತಿನವರೆಗೆ. ಇವತ್ತು ಮಧ್ಯಾಹ್ನ ಅಂಗಡಿ ಹಿಂದೆ ಕರೆದು, ರೆಮೇಯ್, ಒಂಚೂರು ಹಿಡ್ಕೊ, ಬನಿಯನ್ ಒಳಗೆ ಕಟ್ಕೋತೀನಿ, ಮೇಲೆ ಅಂಗಿ ಇರುತ್ತೆ, ಯಾರಿಗೂ ಕಾಣಲ್ಲ, ಎಂದೆ. ಅವಳು ಕೈ ಒರೆಸಿಕೊಂಡಳು. ಪರೀಕ್ಷೆಗಾ, ಎಂದಳು. ಹೂಂ, ಎಂದೆ. ನಾಚಿಕೆ ಆಗಲ್ವಾ ನಿಂಗೆ, ಎಂದಳು. ಅಭ್ಯಾಸ ಇಲ್ಲ, ಎಂದೆ. ಹೋಗು, ಕಳ್ಳರ ತುದಿ ನಾನು ಹಿಡಿಯಲ್ಲ, ಎಂದು ಮೀನು ತೂಗಲು ಹೋದಳು. ಕಳ್ಳತನ ಏನು ಬಂತು ಇದರಲ್ಲಿ, ಭಾನುವಾರ ಕಟ್ಟಿಕೊಂಡೇ ತಾನೇ ನಿಲ್ಲುವುದು, ನಡುಕಟ್ಟಿಲ್ಲದೆ ಯಾವ ಬುಡದವನು ನಿಂತಿದ್ದಾನೆ, ಗ್ರಿಸೆಲ್ದಾ ಅದಕ್ಕೂ ಮಾತು ಹೇಳಿದ್ದಾಳೆ, ಇಷ್ಟು ವರ್ಷ ನಿಮ್ಮನ್ನ ಹಿಡಿದು ನಿಲ್ಲಿಸಿದ್ದು ನಿಮ್ಮ ನಡು ಅಲ್ಲ ಫೆರ್ಮಿ ಅವರೇ, ಬಟ್ಟೆ, ಎಂದಿದ್ದಾಳೆ, ಬಟ್ಟೆಯೋ ನಡುವೋ, ನಿಂತೆನೋ ಇಲ್ಲವೋ. ಹಾಗಾಗಿ ಇಲ್ಲಿನ ಕಕ್ಕಸಿನ ಬಾಗಿಲ ಹಿಡಿಗೆ ತುದಿ ಗಂಟು ಹಾಕಿ ತಿರುಗತೊಡಗಿದೆ, ಚೆನ್ನಾಗಿಯೇ ಬಿಗಿಯುತ್ತಿತ್ತು, ಕೊನೆಯ ಎರಡು ಸುತ್ತಿರುವಾಗ ಒಳಗಿದ್ದ ತೆಕ್ಲಜ್ಜಿ ಬಾಗಿಲು ತೆರೆದಳು, ಒಳಮುಖಕ್ಕೆ ತೆರೆಯುವ ಬಾಗಿಲು, ನಾನು ಬಟ್ಟೆಯ ಸಮೇತ ಕಕ್ಕಸಿನೊಳಗೆ ಹೋದೆ, ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಷ್ಟು ಅವಸರ ಇದ್ರೆ ಬಾಗಿಲು ತಟ್ಬೇಕಪ್ಪ, ಎಂದು ಹೊರಗೆ ಹೋದಳು. ಆ ಕೊನೆಯ ಎರಡು ಸುತ್ತು ಕೈಯಲ್ಲೇ ಸುತ್ತಿ ತುರುಕಿಕೊಂಡದ್ದು, ಬಿಗಿಯಿಲ್ಲ, ಎಳೆಯುವವರು ಇರಲಿಲ್ಲ.

ಈಗ ರಾಗ ತಿರುಗಿತು, ಮಗು ಕೈಯೆತ್ತಿತು, ಇನ್ನು ಇಳಿತ, ಇಳಿತವೇ ಕಷ್ಟ, ಬೀಳುವವರು ಇಳಿಯುವಾಗಲೇ ಬೀಳುವುದು, ತೊಡೆ ನಡುಗುತ್ತಿದೆ, ಭುಜ ನಡುಗುತ್ತಿದೆ, ಗಲ್ಲ ಕೂಡ, ಗಲ್ಲಕ್ಕೇನು ಕೆಲಸ ಇಲ್ಲಿ, ಅಲೆಷ್‌ನ ಉಸಿರೂ ಕೆಟ್ಟಿದೆ, ಪಾಠ ಮರೆತಿದ್ದಾನೆ, ಒಳ್ಳೆಯದಾಯಿತು, ಬೀಳು ಮಾರಾಯ, ಬೀಳು, ನಿನಗಿನ್ನೂ ಎಷ್ಟು ಭಾನುವಾರಗಳಿವೆ, ನನಗೆ ಇದೊಂದನ್ನು ಬಿಡು, ಆ ಕಡೆ ಜಿರಲೆಗಳ ಸಾಲಿನಿಂದ ರೆಮೇಯ್ ಕೂಗುತ್ತಾಳೆ, ಫೆರ್ಮಿ, ಹೊಕ್ಕುಳು ಒಳಗೆ, ಯಾರ ಕಡೆ ಇವಳು — ಏನದು. ಹೊಟ್ಟೆಯ ಹತ್ತಿರ ಏನೋ ಹರಿಯಿತು. ಏನೋ ಸಡಿಲಾಯಿತು, ತಂಪು ಗಾಳಿ ಒಳಗೆ ಬಂತು, ತಲೆ ತಗ್ಗಿಸಿ ಎರಡು ಕೈಗಳ ನಡುವಿನಿಂದ ಹಿಂದಕ್ಕೆ ನೋಡಿದರೆ, ಅಂಗಿಯ ಅಂಚಿನ ಕೆಳಗಿಂದ ಕರಿ ತುದಿ ಇಳಿಯುತ್ತಿದೆ, ಒಂದು ಗೇಣು, ಚಾಪೆ ಮುಟ್ಟಿತು, ಅಲ್ಲೇ ಮಡಿಕೆ ಮಡಿಕೆಯಾಗಿ ಬೀಳುತ್ತಿದೆ, ನನ್ನ ಜತೆ ಇಷ್ಟು ವರ್ಷ ಇದ್ದು ಇವತ್ತು ಹೊರಗೆ ಗಾಳಿ ಕುಡಿಯಲು ಹೊರಟಿದೆ, ಹೋಗಬೇಡ, ಎಂದು ಹೊಟ್ಟೆಗೇ ಹೇಳಿದೆ, ಹಿಡಿ, ಹೊಟ್ಟೆ ಹಿಡಿಯಲಿಲ್ಲ, ಹಿಡಿಯುವುದನ್ನು ಯಾರೂ ಅದಕ್ಕೆ ಕಲಿಸಿಲ್ಲ, ಕಲಿಸಲು ಬಂದವಳಿಂದ ನಾನೇ ಓಡಿಹೋದೆ, ಸೊಂಟ ಜೋತುಬೀಳುತ್ತಿದೆ, ಅಲ್ಲಿ, ಅದೇ ಜಾಗದಲ್ಲಿ, ಆ ಶರತ್ಕಾಲದ ನೋವಿನ ಜಾಗದಲ್ಲಿ ಸಣ್ಣದೊಂದು ಕಡ್ಡಿ ಗೀರಿದ ಹಾಗಾಯಿತು, ನನಗೆ ಭಯವಾಯಿತು, ಎಲ್ಲರ ಮುಂದೆ ಅಂಬೆಗಾಲಿಡುವ ಭಯ. ಅಲೆಷ್‌ನ ಮುಖ ಈ ಕಡೆ ತಿರುಗಿದೆ. ನೋಡಿದ. ತುದಿಯನ್ನು ನೋಡಿದ, ಅವನ ಕಣ್ಣು ಅಲ್ಲೇ ನಿಂತಿದೆ, ಮುಗಿಯಿತು, ಈಗ ಬಾಯಿ ತೆರೆಯುತ್ತಾನೆ, ಗ್ರಿಸೆಲ್ದಾ, ಇಲ್ಲಿ ನೋಡಿ, ಎನ್ನುತ್ತಾನೆ, ಎನ್ನಲಿ, ನಾನಾಗಿದ್ದರೂ ಎನ್ನುತ್ತಿದ್ದೆ, ಬುಡ ಅವನದು, ಅಪ್ಪನ ಜಾಗ, ನನ್ನ ಜಾಗ, ಈ ತುದಿಯ ಜತೆ ಜಾರಿ ಹೋಯಿತು.

ಅವನು ಬಾಯಿ ತೆರೆಯಲಿಲ್ಲ. ಅವನ ಎಡಗೈ ನೆಲ ಬಿಟ್ಟಿತು, ಯಾಕೆ ಬಿಟ್ಟಿತು, ಒಂದು ಮೊಣಕೈ ಮೇಲೆ ನಿಲ್ಲುವುದು ಮೂರನೇ ಹಂತದವರ ಕೆಲಸ, ಇವನದಲ್ಲ, ಆ ಕೈ ಬಂತು, ನನ್ನ ತುದಿಯನ್ನು ಹಿಡಿಯಿತು, ಹಿಡಿದು ಎಳೆಯಿತು, ಆಗಲೇ ಅವನ ಹೊಟ್ಟೆ ಧಡ್ ಎಂದು ನೆಲಕ್ಕೆ ಬಿತ್ತು, ಅಲೆಷ್ ಬಿದ್ರು, ಎಂದಳು ಗ್ರಿಸೆಲ್ದಾ, ಯಾರೋ ಅಯ್ಯೋ ಎಂದರು, ಇವನಿಗೆ ಅದ್ಯಾವುದೂ ಕೇಳಲಿಲ್ಲ, ಬಿದ್ದಲ್ಲಿಂದಲೇ ಇನ್ನೊಂದು ಕೈಯನ್ನೂ ಸೇರಿಸಿ ಎಳೆಯುತ್ತಿದ್ದಾನೆ, ಬಿಚ್ಚಿಕೊಂಡ ನಡುಕಟ್ಟು ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ, ಹಬ್ಬವಿರಲಿ, ಹೆಣದ ಮನೆಯಿರಲಿ, ಮೊದಲು ಹಿಡಿಯುತ್ತದೆ, ಆಮೇಲೆ ಯೋಚಿಸುತ್ತದೆ, ಆ ಕೈ ಯಾವಾಗ ನಮ್ಮವರ ಕೈಯಾಯಿತು, ಹೊರಗಿನ ಸುತ್ತಿನಲ್ಲಿ ನಿಲ್ಲಿಸಿದ್ದೆನಲ್ಲ ನಾನು ಅದನ್ನು, ಕಣ್ಣು ಮುಚ್ಚಿದ್ದಾನೆ, ರಾಗ ಕೇಳುತ್ತಿದ್ದಾನೆ, ಮಾವ, ಅಲುಗಾಡಬೇಡಿ, ಮೇಲಿನವರು ಇನ್ನೂ ಇಳೀತಿದಾರೆ, ಎನ್ನುತ್ತಾನೆ, ಯಾವ ಮೇಲಿನವರು, ಇಲ್ಲಿ ಮೇಲಿರುವುದು ಜೇಡರ ಬಲೆ, ಆದರೆ ಅವನಿಗೆ ಕೇಳುತ್ತಿದೆ, ಒಬ್ಬೊಬ್ಬರ ಪಾದವೂ ಕೇಳುತ್ತಿದೆ, ಅದು ನನಗೆ ಕೇಳಬೇಕಿತ್ತು, ಈ ರಾಗದುದ್ದಕ್ಕೂ ನಾನು ಕೇಳಿದ್ದು ಇನ್ನೆಷ್ಟು ಹೊತ್ತು ಎನ್ನುವುದನ್ನಷ್ಟೇ. ಗೋದಾಮು ನಗುತ್ತಿದೆ, ಎಲ್ಲರಿಗೂ ಕಂಡಿದೆ, ಮಗಾ, ಬಾಲ ಬಂತಲ್ಲೋ ನಿಂಗೆ, ಎನ್ನುತ್ತಾಳೆ ತೆಕ್ಲಜ್ಜಿ, ರೆಮೇಯ್ ನಗುತ್ತಿಲ್ಲ, ಎದ್ದು ಕೂತಿದ್ದಾಳೆ, ಟವೆಲ್ ಹಿಡಿದಿದ್ದಾಳೆ. ಮಂಡಿ ಊರಿದೆ. ನಾನೇ ಊರಿದೆ, ಬೀಳಲಿಲ್ಲ, ಎರಡೂ ಮಂಡಿ ನೆಲಕ್ಕೆ, ಮೊದಲನೇ ಹಂತದವನ ಹಾಗೆ, ಮೊಣಕೈ ಮೇಲೆ ಹಾಗೇ ಇದ್ದೆ, ರಾಗ ಮುಗಿದಿರಲಿಲ್ಲ, ಉಸಿರು ಬಂತು, ಆ ಉಸಿರಿನ ಹಿಂದೆ ಹೊಕ್ಕುಳು ತಾನಾಗಿ ಒಂಚೂರು ಒಳಗೆ ಸರಿಯಿತು, ಎಲಾ ಇದರ, ಇಲ್ಲೇ ಇತ್ತೇ ಇದು, ಸೊಂಟದ ಕಡ್ಡಿ ಆರಿತು. ಗ್ರಿಸೆಲ್ದಾ, ಎಂದೆ, ಬುಡಕ್ಕೆ ಅಲೆಷ್ ಅಂತ ನಾಯಕಿಗೆ ಹೇಳಮ್ಮ, ಅವನ ಬೆನ್ನಿಗೆ ನಾನು. ಹೇಳುವಾಗ ಎದೆ ನೊಂದಿತು, ಸುಳ್ಳೇಕೆ, ತುಂಬ ನೊಂದಿತು. ಮಾವ, ಎಂದ ಅಲೆಷ್, ಕಣ್ಣು ತೆರೆದ, ಆದರೂ ಬಿಡಲಿಲ್ಲ, ಪೈಪಿಗೆ ಗಂಟು ಹಾಕಬೇಡ ಭಾನುವಾರ, ಎಂದೆ, ನಾನಿದೀನಿ, ಅವನು, ಹಲ್ಲು ಕಟ್ಟುವ ಹುಡುಗ, ತುದಿ ಹಿಡಿದವರೆಲ್ಲ ಹೇಳುವುದನ್ನೇ ಹೇಳಿದ, ಬಿಗಿಯಾಯ್ತಾ, ಇನ್ನೂ ಎಳಿ, ಎಂದೆ, ರಾಗ ಇಳಿಯುತ್ತಿದೆ, ಬಿಗಿಯಾಯ್ತಾ ಮಾವ, ಇನ್ನೂ ಎಳಿ, ಆಲಿವ್ ಬೀಜದ ಪಕ್ಕದಲ್ಲಿ ಅವನ ಮುಷ್ಟಿ, ಬೆರಳ ಗಿಣ್ಣು ಬೆಳ್ಳಗಾಗಿದೆ, ಮುಷ್ಟಿಯೊಳಗೆ ಕರಿ ತುದಿ, ಇನ್ನೂ ಎಳಿ, ಆ ಮುಷ್ಟಿ, ಆ ತುದಿ